ಸಣ್ಣಾಜಿಯನ್ನು ಬರೆದವಳು

ಆಗಸ್ಟ್ 9, ಶುಕ್ರವಾರ

ಹನ್ನೊಂದು ವರ್ಷ ಬರೆದ ಕಾದಂಬರಿಯನ್ನು ಹನ್ನೊಂದು ಸಾಲಿನ ಪತ್ರ ಇಟ್ಟು ವಾಪಸ್ ಕಳಿಸಿದ್ದಾನೆ. ಸಾಲು ಎಣಿಸಿದೆ, ಸಹಿ ಬಿಟ್ಟು ಹನ್ನೊಂದೇ. ಮೈಸೂರಿನ ಪ್ರಕಾಶಕ, ಕಿರಣ್ಕುಮಾರ್ ಅಂತ ಹೆಸರು. ‘ನಾಯಕಿ ನಂಬುವ ಹಾಗಿಲ್ಲ, ಜನಪದದ ಬೇರಿಲ್ಲ, ಮೇಜಿನ ಮುಂದೆ ಕೂತು ಕಟ್ಟಿದ ಪಾತ್ರ’ ಎಂದು ಬರೆದಿದ್ದಾನೆ. ನಮ್ಮ ಮನೆಯಲ್ಲಿ ಮೇಜೇ ಇಲ್ಲ. ಶಾಲೆಯಲ್ಲಿ ಆರು ಪೀರಿಯಡ್ ಇತಿಹಾಸ ಪಾಠ ಮಾಡಿ ಬಂದು, ಹೊಲಿಗೆ ಮಿಷನ್ನಿನ ಮುಚ್ಚಳದ ಮೇಲೆ ಇಟ್ಟುಕೊಂಡು ಬರೆದದ್ದು ನಾನು.

ಕಟ್ಟಿದ ಪಾತ್ರವೇ ಹೌದು. ಕಟ್ಟಿದವಳು ನಾನು. ಪಿರಿಯಾಪಟ್ಟಣದ ಕೋಟೆಯಲ್ಲಿ ಪಾಳೆಯಗಾರನ ಆನೆಗಳಿಗೆ ಹಗ್ಗ ಹೊಸೆಯುವವನ ಮಗಳು ಸಣ್ಣಾಜಿ. ಅವಳು ನೋಡಿದರೆ ಎಂಥ ಗಂಟಾದರೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆನೆಯ ಹಗ್ಗ, ಸೆರೆಯಾಳಿನ ಕೈಕಟ್ಟು, ತೊಟ್ಟಿಲಿಗೆ ಬಿಗಿದ ಹಗ್ಗ, ಯಾವುದೂ ನಿಲ್ಲುವುದಿಲ್ಲ. ಅವಳ ಕೂದಲೇ ಅವಳ ಮಾತು ಕೇಳುವುದಿಲ್ಲ. ಜಡೆ ಹಾಕಿದರೆ ಬಿಚ್ಚಿಹೋಗುತ್ತದೆ, ಹೂ ಮುಡಿದರೆ ಜಾರುತ್ತದೆ. ಇಂಥವಳು ಈ ಸೀಮೆಯ ಯಾವ ಹಾಡಿನಲ್ಲೂ ಇಲ್ಲ, ಯಾವ ಅಜ್ಜಿಯ ಕಥೆಯಲ್ಲೂ ಇಲ್ಲ. ಒಂದೊಂದು ಮಾತೂ ನನ್ನದು. ಅದೇ ತಪ್ಪು ಅನ್ನುತ್ತಾನಲ್ಲ, ಹೊಟ್ಟೆ ಉರಿಯುತ್ತದೆ.

ಗಂಡನಿಗೆ ಹೇಳಿದೆ. ಮಲ್ಲೇಶ್ ಗೊಬ್ಬರದ ಅಂಗಡಿಯ ಬಾಗಿಲು ತೆಗೆಯುವ ಅವಸರದಲ್ಲಿದ್ದರು. ಬುಡು, ಇನ್ನೊಬ್ರಿಗೆ ಕಳ್ಸು ಅಂದರು, ಮೊಳೆಯದ ಬಿತ್ತನೆ ಬೀಜದ ಮೂಟೆಯನ್ನು ಕಂಪನಿಗೆ ವಾಪಸ್ ಮಾಡುವ ಹಾಗೆ. ಇವರು ನನ್ನ ಬರಹದ ಒಂದು ಪುಟ ಓದಿದ್ದನ್ನು ನಾನು ಕಂಡಿಲ್ಲ. ಕೋಪಕ್ಕೆ ಉಪ್ಪಿಟ್ಟು ತಳ ಹಿಡಿಸಿದೆ. ಅದನ್ನೂ ಸುಮ್ಮನೆ ತಿಂದು ಹೋದರು.

ಸಂಜೆ ಸ್ಪಂದನಾ ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ, ಇದೇ ಹನಗೋಡಿನವಳು, ಹುಣಸೂರಿನಲ್ಲಿ ಬಿ.ಎಸ್ಸಿ. ಕೊನೇ ವರ್ಷ. ಕಾದಂಬರಿ ಪೂರ್ತಿ ಟೈಪ್ ಮಾಡಿಕೊಟ್ಟವಳು ಅವಳೇ. ನನ್ನ ಅಕ್ಷರ ಅವಳೊಬ್ಬಳಿಗೇ ಅರ್ಥವಾಗುವುದು. ಏನೋ ಕೇಳಬೇಕು ಮಿಸ್ ಅಂದಳು. ಹದಿನೆಂಟನೇ ಅಧ್ಯಾಯ ಮತ್ತೆ ತಿದ್ದಿದ್ದೆ. ಅದನ್ನು ಕೈಗೆ ಕೊಟ್ಟು, ಮೊದಲು ಇದು ಮುಗಿಸು ಅಂದೆ.

ಆಗಸ್ಟ್ 13

ಸ್ಪಂದನಾಳನ್ನು ಅವಳ ಸೋದರಮಾವ ಮಹೇಂದ್ರನಿಗೇ ಕೇಳಿದ್ದಾರಂತೆ. ಪಿರಿಯಾಪಟ್ಟಣದ ಕಡೆಯವನು. ಜಮೀನಿದೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಎರಡಿವೆ. ಕಾಲೇಜು ಇಷ್ಟಕ್ಕೇ ಸಾಕು ಅನ್ನುತ್ತಾರಂತೆ. ಎರಡು ಬ್ಯಾರನ್ನಿಗೆ ಸೊಪ್ಪು ಕಟ್ಟೋಕೆ ಮನೆ ಹೆಣ್ಣೇ ಬೇಕು ಮಿಸ್ ಅವ್ರಿಗೆ, ನೀವು ಒಂದ್ಸಲ ಬಂದು ನಮ್ಮಪ್ಪಂಗೆ ಹೇಳಿ ಅಂದಳು. ಗೊತ್ತಿರುವ ಹುಡುಗ ತಾನೆ, ನೋಡೋಣ ಅಂದೆ. ಮದುವೆ ಕಾರ್ತಿಕದಲ್ಲಂತೆ, ಅಷ್ಟರೊಳಗೆ ತಿದ್ದುಪಡಿ ಎಲ್ಲ ಟೈಪ್ ಆಗುತ್ತದೆ. ಹದಿನೆಂಟರಲ್ಲಿ ಎರಡು ಪುಟ ಬಿಟ್ಟುಬಿಟ್ಟಿದ್ದಾಳೆ. ಹೀಗೆ ಯಾವತ್ತೂ ಮಾಡುತ್ತಿರಲಿಲ್ಲ, ಗಮನ ಎಲ್ಲಿರುತ್ತದೋ.

ಆಗಸ್ಟ್ 25, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ಸ್ಪಂದನಾಳಿಗೆ ಹೂ ಮುಡಿಸುವ ಶಾಸ್ತ್ರ. ನಾನೂ ಮಲ್ಲೇಶೂ ಹೋಗಿದ್ದೆವು. ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದ್ದರು. ಗಂಡಿನ ತಾಯಿ ಸಣ್ಣತಾಯಮ್ಮ, ಅಂದರೆ ಹುಡುಗಿಯ ಸ್ವಂತ ಅಜ್ಜಿಯೇ, ಮಲ್ಲಿಗೆಯ ದಂಡೆ ಮುಡಿಸಿದರು. ಜಾರಿತು. ಮತ್ತೆ ಮುಡಿಸಿದರು, ಮತ್ತೆ ಜಾರಿತು. ಮೂರನೇ ಸಲಕ್ಕೆ ಜಡೆಯೇ ಬಿಚ್ಚಿಕೊಂಡು ಬೆನ್ನ ತುಂಬ ಕೂದಲು ಹರಡಿತು. ತೊಟ್ಟಿಕ್ಕುವಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಳು, ಜಡೆಯ ತುದಿಗೆ ಬ್ಯಾಂಡ್ ಹಾಕಿರಲಿಲ್ಲ. ಅದು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಬಿತ್ತು, ಯಾಕೆಂದರೆ ಅದು ನನ್ನ ನಾಲ್ಕನೇ ಅಧ್ಯಾಯ.

ಆಮೇಲೆ ಕಣ್ಣು ಮೇಲೆ ಮಾಡಿ ಅಜ್ಜಿಯ ಕೈ ಹಿಡಿದಳು. ದನಿಯೇ ಬೇರೆಯಾಗಿತ್ತು.

“ಕಟ್ಟೋರ ಕೈ ನಂಗೆ ಕಾಣ್ತದೆ ಕಣವ್ವ, ಗಂಟು ಕಾಣಕಿಲ್ಲ. ನಾನು ಸಣ್ಣಾಜಿ. ಈ ಮಗಿನ ಮೂರು ವರ್ಸ ಕಟ್ಟಬ್ಯಾಡಿ.”

ಆ ಮೊದಲ ಮಾತು ಬರೆಯಲು ನನಗೆ ನಾಲ್ಕು ದಿನ ಹಿಡಿದಿತ್ತು. ಕಾದಂಬರಿಯಲ್ಲಿ ಅದನ್ನು ಸಣ್ಣಾಜಿ ಪಾಳೆಯಗಾರನ ಮುಖಕ್ಕೆ ಹೇಳುತ್ತಾಳೆ. ಇವಳು ಮಲ್ಲಿಗೆ ಹೂವಿನ ತಟ್ಟೆಯ ಮುಂದೆ ಹೇಳಿ ಮುಗಿಸಿದಳು. ಹೆಂಗಸರೆಲ್ಲ ಮೈಮೇಲೆ ದೇವರು ಬಂತೆಂದು ಕೈಮುಗಿದು ನಿಂತರು. ಅದೇ ಹೊತ್ತಿಗೆ ಕೊಟ್ಟಿಗೆಯಿಂದ ಒಂದು ಕರು ಕಣ್ಣಿ ಬಿಚ್ಚಿಕೊಂಡು ಅಂಗಳಕ್ಕೆ ಓಡಿಬಂತು. ಅಲ್ಲಿಗೆ ಮದುವೆ ನಿಂತಿತು. ಸಣ್ಣತಾಯಮ್ಮ ತಟ್ಟೆ ಕೆಳಗಿಟ್ಟು ಮೊಮ್ಮಗಳಿಗೆ ಅಡ್ಡಬಿದ್ದರು. ಮಹೇಂದ್ರ ಎದ್ದು ಹೊರಗೆ ಹೋದ. ಕರು ಬಿಚ್ಚಿಕೊಂಡದ್ದು ಆ ಮನೆಯವರು ಕಟ್ಟಿದ ಚಂದಕ್ಕೆ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಅದು ಹೊಳೆಯಬಾರದೇ.

ಇದು ನನ್ನ ಪುಸ್ತಕದ್ದು ಎಂದು ಕೂಗಬೇಕೆಂದು ಬಾಯಿ ತೆರೆದೆ. ಮಲ್ಲೇಶ್ ಮೊಣಕೈ ಹಿಡಿದು ನಡಿ ನಡಿ ಎಂದು ಎಳೆದುಕೊಂಡು ಬಂದರು. ದಾರಿಯುದ್ದಕ್ಕೂ ಬೈದೆ.

ಆಗಸ್ಟ್ 26

ಕಳ್ಳಿ. ನನ್ನ ಮನೆಯಲ್ಲಿ ಕೂತು, ನನ್ನ ಕೈಯ ಕಾಫಿ ಕುಡಿದು, ನನ್ನದನ್ನೇ ಕದ್ದಳು.

ಸೆಪ್ಟೆಂಬರ್ 3, ಮಂಗಳವಾರ

ಅವರ ಮನೆಯ ಮುಂದೆ ಇವತ್ತು ಜನವೋ ಜನ. ಮಂಗಳವಾರ ಮಂಗಳವಾರ ಸಣ್ಣಾಜವ್ವ ಬರುತ್ತಾಳಂತೆ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ರಜೆ ಹಾಕಿ ಹೋಗಿ ಬಂದಳು. ಸಣ್ಣಾಜವ್ವ ಕೊಡಗಿನ ಕಡೆಯಿಂದ ಬಂದ ದೇವರು ಎಂದು ನನಗೇ ಹೇಳಿಕೊಡುತ್ತಾಳೆ. ಕೊಡಗಲ್ಲ ಕಣಮ್ಮ, ಪಿರಿಯಾಪಟ್ಟಣ, ಹಗ್ಗ ಹೊಸೆಯೋನ ಮಗಳು ಅಂದೆ. ನಿಮಗ್ಯಾರು ಹೇಳಿದ್ರು ಟೀಚರಮ್ಮ ಎಂದು ಅನುಮಾನದಿಂದ ನೋಡಿದಳು.

ಇನ್ನೂ ಒಂದು ಕೇಳಿದೆ. ಹರಕೆ ಹೊತ್ತವರು ಒಂದು ತುಂಡು ಹಗ್ಗಕ್ಕೆ ಗಂಟು ಹಾಕಿ ತಂದು ಹೊಸ್ತಿಲ ಮೇಲೆ ಇಡುತ್ತಾರಂತೆ, ಬಿಚ್ಚಿಕೊಡು ತಾಯಿ ಎಂದು. ಇದು ನನ್ನ ಪುಸ್ತಕದಲ್ಲಿಲ್ಲ. ಯಾರು ಹುಟ್ಟಿಸಿದರೋ. ಚೆನ್ನಾಗಿದೆ, ಅದಕ್ಕೇ ಮತ್ತಷ್ಟು ಕೋಪ ಬಂತು. ಹನ್ನೊಂದು ವರ್ಷದಲ್ಲಿ ನನಗೆ ಹೊಳೆಯದ್ದು ಈ ಜನಕ್ಕೆ ಒಂದು ವಾರದಲ್ಲಿ ಹೊಳೆದಿದೆ. ಏಳನೇ ಅಧ್ಯಾಯಕ್ಕೆ ಸೇರಿಸಿದೆ.

ಸೆಪ್ಟೆಂಬರ್ 8, ಭಾನುವಾರ

ಇವತ್ತು ನೇರ ಅವರ ಮನೆಗೇ ಹೋದೆ. ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಕೆಮಿಸ್ಟ್ರಿ ಓದುತ್ತಿದ್ದಳು ದೇವರು. ನನ್ನನ್ನು ಕಂಡು ಎದ್ದು ನಿಂತಳು. ದಾರಿಯಲ್ಲಿ ಜೋಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ನಂಬಿಕೆ ದ್ರೋಹ ಅಂದೆ, ನಾಚಿಕೆಯಾಗಬೇಕು ಅಂದೆ, ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳುತ್ತೇನೆ ಅಂದೆ. ತಲೆ ತಗ್ಗಿಸಿ ಕೇಳಿಸಿಕೊಂಡಳು. ಅಳಲಿಲ್ಲ, ಅದೂ ನನ್ನನ್ನು ರೇಗಿಸಿತು.

“ನಿಮ್ಮನ್ನ ಎರಡು ಸಲ ಕೇಳ್ದೆ ಮಿಸ್,” ಅಂದಳು ಕೊನೆಗೆ. “ಒಂದ್ಸಲ ಹದಿನೆಂಟನೇ ಅಧ್ಯಾಯ ಕೊಟ್ರಿ. ಇನ್ನೊಂದ್ಸಲ ನೋಡೋಣ ಅಂದ್ರಿ. ಆಮೇಲೆ ಸಣ್ಣಾಜಿನ ಕೇಳ್ದೆ. ಅವ್ಳು ಬಂದ್ಲು.”

ಎಂಥ ಮಾತು. ಪಾಠ ಹೇಳಿದವಳಿಗೇ ಎದುರು ಮಾತು. ನನಗೆ ಶಾಲೆಯ ಕೆಲಸ ಇರಲಿಲ್ಲವೇ, ಬರವಣಿಗೆ ಇರಲಿಲ್ಲವೇ, ಪ್ರಕಾಶಕನ ಕಾಗದ ಬಂದು ತಲೆ ಕೆಟ್ಟಿರಲಿಲ್ಲವೇ. ಊರಿನ ಹೆಣ್ಣುಮಕ್ಕಳ ಮದುವೆ ಎಲ್ಲ ನಾನೇ ನಿಲ್ಲಿಸಿಕೊಂಡು ಕೂರಲು ಆಗುತ್ತದೆಯೇ.

ಹೊರಡುವಾಗ, ಬುಕ್ ಬಂದೇ ಬರ್ತದಾ ಮಿಸ್ ಎಂದು ಕೇಳಿದಳು. ಬಂದ ದಿನ ನಿನ್ನ ನಾಟಕ ಮುಗಿಯುತ್ತದೆ ಅಂದೆ. ಹೂಂ ಅಂದಳು. ಪುಸ್ತಕದಲ್ಲಿ ಬೆರಳಿಟ್ಟು ಗುರುತು ಮಾಡಿಕೊಂಡಿದ್ದ ಪುಟ ಹಾಗೇ ಇತ್ತು. ಇನ್ನೊಂದು ಕೈ ಮಾತ್ರ ವೇಲಿನ ತುದಿಯನ್ನು ಹಿಂಡುತ್ತಿತ್ತು.

ಬೇಡವೆಂದರೂ ಆ ಕೈ ಕಣ್ಣ ಮುಂದೆ ಬರುತ್ತಿದೆ.

ಸೆಪ್ಟೆಂಬರ್ 19

ಕಿರಣ್ಕುಮಾರ್ ಫೋನ್ ಮಾಡಿದ್ದ. ಅವರ ಬಳಗದಲ್ಲಿ ಇನ್ನೊಬ್ಬರು ಮೇಲ್ ಮಾಡಿದ್ದ ಪ್ರತಿ ಓದಿ ಮೆಚ್ಚಿದರಂತೆ, ಡಿಸೆಂಬರಿನಲ್ಲಿ ತರುತ್ತಾರಂತೆ. ಅರ್ಧ ಗಂಟೆ ನನ್ನಷ್ಟು ಸುಖಿ ಈ ಹನಗೋಡಿನಲ್ಲೇ ಇರಲಿಲ್ಲ. ಮಲ್ಲೇಶ್ ಅಂಗಡಿಯಿಂದ ಅರ್ಧ ಕೆಜಿ ಮೈಸೂರುಪಾಕು ಕಳಿಸಿದರು. ಒಂದು ಬಾಯಿಗಿಟ್ಟೆ, ಆಗ ಸ್ಪಂದನಾಳ ನೆನಪಾಯಿತು. ಮೈಸೂರುಪಾಕು ರುಚಿ ಹತ್ತಲಿಲ್ಲ. ಇಷ್ಟು ವರ್ಷಕ್ಕೆ ಒಂದು ಸಂತೋಷ ಬಂದರೆ ಅದನ್ನೂ ಹಾಳು ಮಾಡಿದಳು.

ಸೆಪ್ಟೆಂಬರ್ 22

ಪುಸ್ತಕ ಬಂದರೆ ಆ ಹುಡುಗಿ ಗತಿ ಏನು ಎಂದು ಮಲ್ಲೇಶ್ ಕೇಳಿದರು. ಊಟಕ್ಕೆ ಕೂತಾಗ ಕೇಳಬೇಕೇ ಇದನ್ನು. ನನಗೆ ಗೊತ್ತಿಲ್ಲದ್ದೇ. ಹುಣಸೂರಿನ ಅಂಗಡಿಯಲ್ಲಿ ‘ಸಣ್ಣಾಜಿ, ಐತಿಹಾಸಿಕ ಕಾದಂಬರಿ, ಲೇಖಕಿ ಪುಷ್ಪಾ’ ಎಂದು ನಿಂತರೆ ಎರಡನೇ ದಿನ ಯಾರೋ ಒಬ್ಬರು ಓದುತ್ತಾರೆ, ಮೂರನೇ ದಿನ ಮಹೇಂದ್ರನಿಗೆ ತಿಳಿಯುತ್ತದೆ. ದೇವರ ಹೆಸರಲ್ಲಿ ಮೋಸ ಮಾಡಿದವಳು ಎಂದು ಊರು ಉಗಿಯುತ್ತದೆ. ಆಮೇಲೆ ಕಾಲೇಜೂ ಇಲ್ಲ, ಕೇಳುವವರೂ ಇಲ್ಲ, ತಿಂಗಳೊಳಗೆ ತಾಳಿ. ಎಲ್ಲ ಗೊತ್ತು ನನಗೆ.

ಹಾಗೆಂದು ನಾನು ಸುಡಬೇಕೇ ಇದನ್ನು. ತಟ್ಟೆ ಸರಿಸಿ ಎದ್ದೆ.

ಸೆಪ್ಟೆಂಬರ್ 29

ಒಂದು ವಾರ ಕೂತು ನಾಯಕಿಯ ಹೆಸರು ಬದಲಾಯಿಸಿ ನೋಡಿದೆ. ಹೆಸರು ಹೋದರೂ ಮಾತು ಉಳಿಯುತ್ತದೆ. ಮಾತು ತೆಗೆದರೆ ಅವಳೇ ಉಳಿಯುವುದಿಲ್ಲ. ಗಂಟು ಬಿಟ್ಟು ಬೇರೆ ಶಕ್ತಿ ಕೊಟ್ಟೆ, ನೀರಿನ ಮೇಲೆ ನಡೆಸಿದೆ, ಹಕ್ಕಿಯ ಮಾತು ಕಲಿಸಿದೆ. ಥೂ. ಬೇರೆ ಯಾರದೋ ಮಗು. ಹರಿದು ಒಲೆಗೆ ಹಾಕಿದೆ.

ಸ್ಪಂದನಾಳಿಗೆ ಇಂಟರ್ನಲ್ಸ್‌ನಲ್ಲಿ ಚೆನ್ನಾಗಿ ನಂಬರ್ ಬಂದಿದೆಯಂತೆ. ಯಾರು ಕೇಳಿದರು.

ಅಕ್ಟೋಬರ್ 6, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮಹೇಂದ್ರ ಬಂದ, ಜೊತೆಗೆ ಅವನ ತಾಯಿ ಸಣ್ಣತಾಯಮ್ಮ. ಅವರ ಹಿಂದೆ ಸ್ಪಂದನಾ, ಅವಳ ಅಪ್ಪ ರೆಟ್ಟೆ ಹಿಡಿದುಕೊಂಡಿದ್ದ. ಕೂತ್ಕೊಳ್ಳಿ ಅಂದರೆ ಯಾರೂ ಕೂರಲಿಲ್ಲ. ಮಹೇಂದ್ರ ಒಂದು ಕಾಗದದ ಕಟ್ಟನ್ನು ಹೊಲಿಗೆ ಮಿಷನ್ನಿನ ಮೇಲೆ ಇಟ್ಟ. ಅವಳ ಪುಸ್ತಕಗಳ ಮಧ್ಯೆ ಸಿಕ್ಕಿತಂತೆ. ನನ್ನ ಕಾದಂಬರಿಯ ಪ್ರಿಂಟು, ಹಳೆಯದು, ಅವಳೇ ತಿದ್ದಿ ಎತ್ತಿಟ್ಟುಕೊಂಡದ್ದು. ಮೇಲಿನ ಪುಟದಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿತ್ತು.

ಅವನು ಕೂಗಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಎರಡು ದಿನ ಕೂತು ಪೂರ್ತಿ ಓದಿದೀನಿ ಮೇಡಂ ಅಂದ. ಜಡೆ ಬಿಚ್ಚಿಕೊಳ್ಳುವುದು ಎಲ್ಲಿದೆ, ಕಟ್ಟುವ ಕೈಯ ಮಾತು ಎಲ್ಲಿದೆ, ಎಲ್ಲಕ್ಕೂ ಪುಟ ಮಡಿಸಿ ಗುರುತು ಮಾಡಿದ್ದ. ಹನ್ನೊಂದು ವರ್ಷದಲ್ಲಿ ನನ್ನ ಪುಸ್ತಕವನ್ನು ಅಷ್ಟು ಆಸ್ಥೆಯಿಂದ ಓದಿದವನು ಅವನೊಬ್ಬನೇ.

“ಇದ್ರಲ್ಲಿ ಬರ್ದೋರು ಅಂತ ನಿಮ್ ಹೆಸ್ರೈತೆ,” ಅಂದ. “ಈ ಸಣ್ಣಾಜಿನ ನೀವೇ ಕಟ್ಟಿದ್ದಾ ಮೇಡಂ? ಅಷ್ಟು ಹೇಳ್ಬುಡಿ, ನಾವು ಓಯ್ತೀವಿ.”

ಈ ಪ್ರಶ್ನೆಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಮೈಸೂರಿನ ಸಭೆಯಲ್ಲಿ, ಮೈಕಿನ ಮುಂದೆ, ಹೌದು ಎಲ್ಲವೂ ನಾನೇ ಎಂದು ಹೇಳುವುದನ್ನು ಪಾತ್ರೆ ತೊಳೆಯುತ್ತಾ ಎಷ್ಟು ಸಲ ಅಭ್ಯಾಸ ಮಾಡಿದ್ದೆ. ಸಣ್ಣತಾಯಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಸ್ಪಂದನಾ ನೋಡುತ್ತಿರಲಿಲ್ಲ. ಅಪ್ಪ ಹಿಡಿದ ರೆಟ್ಟೆಯ ಕಡೆ ಅವಳ ಇಡೀ ಮೈ ವಾಲಿತ್ತು. ಆ ಹಿಡಿತ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

“ನಾನು ಕಟ್ಟಿದ್ದಲ್ಲ,” ಅಂದೆ. “ಈ ಸೀಮೇಲಿ ಮೊದಲಿಂದ ಇದ್ದ ಕಥೆ. ಕೇಳಿ ಬರ್ಕೊಂಡೆ, ಅಷ್ಟೇ. ಮೊದಲು ಆ ಹುಡುಗಿ ಕೈ ಬಿಡಿ.”

ಮಹೇಂದ್ರ ನಂಬಲಿಲ್ಲ. ನಮ್ಮಟ್ಟೀಲಿ ಯಾರ ಬಾಯಲ್ಲೂ ಕೇಳ್ಲಿಲ್ವಲ್ಲ ಅಂದ. ಆಗ ಬಾಗಿಲಲ್ಲಿ ನಿಂತಿದ್ದ ಮಲ್ಲೇಶ್ ಬಾಯಿ ತೆಗೆದರು. ನಮ್ಮಜ್ಜಿ ಗುರುಶಾಂತಮ್ಮ ಹೇಳ್ತಿದ್ರು ಅಂದರು, ಗೊಬ್ಬರದ ದರ ಹೇಳುವಷ್ಟೇ ನಿಧಾನವಾಗಿ. ಸಣ್ಣಾಜವ್ವ ಲಕ್ಷ್ಮಣತೀರ್ಥದ ದಡದಲ್ಲಿ ನಿಂತು ನೋಡಿದ್ದಕ್ಕೆ ಹರಿಗೋಲಿನ ಹಗ್ಗ ಬಿಚ್ಚಿಕೊಂಡು ದಂಡಿನವರೆಲ್ಲ ಕೆಳಕ್ಕೆ ತೇಲಿಹೋದರಂತೆ, ಅದು ಈ ಕಾಗದದಲ್ಲಿ ಐತಾ ನೋಡಪ್ಪ, ಇರಕಿಲ್ಲ, ಇವ್ಳಿಗೆ ಪೂರ್ತಿ ಗೊತ್ತಿಲ್ಲ ಅಂದರು. ಮಹೇಂದ್ರ ಪುಟ ತಿರುವಿದ. ಇರಲಿಲ್ಲ.

ಸಣ್ಣತಾಯಮ್ಮ ಮಗನ ಕೈಯಿಂದ ಕಟ್ಟನ್ನು ಕಿತ್ತುಕೊಂಡು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟರು. ತಪ್ಪಾಯ್ತು ಬುಡವ್ವ ಅಂದರು. ನನಗೋ, ಸಣ್ಣಾಜಿಗೋ. ಆಮೇಲೆ ಮಗನಿಗೆ ಬೇರೆ ಕಡೆ ಹೆಣ್ಣು ನೋಡುವುದೆಂದು ನಮ್ಮ ಜಗಲಿಯಲ್ಲೇ ತೀರ್ಮಾನ ಮಾಡಿ ಹೊರಟರು.

ಅವರು ಹೋದ ಮೇಲೆ ಮಲ್ಲೇಶರ ಮೇಲೆ ಹಾರಿಬಿದ್ದೆ. ಹರಿಗೋಲಿನ ಅಧ್ಯಾಯ ನಾನು ಆರು ವರ್ಷದ ಹಿಂದೆ ಬರೆದು ಸರಿಬರಲಿಲ್ಲವೆಂದು ಬಿಟ್ಟದ್ದು. ಟೈಪೇ ಆಗಿಲ್ಲ. ಟ್ರಂಕಿನ ತಳದ ನೋಟ್‌ಬುಕ್ಕಿನಲ್ಲಿ, ನನ್ನ ಆ ಕೆಟ್ಟ ಅಕ್ಷರದಲ್ಲಿ ಇದೆ. ಎಲ್ಲಾ ಓದಿದೀನಿ ಕಣೇ, ಆಗಾಗ ಅಂದರು. ಓದಿದ್ದೀನಿ ಅಂತ ಒಂದು ಮಾತು ಹೇಳಲು ಏನಾಗಿತ್ತು ಇವರಿಗೆ. ನೀನು ಕೇಳ್ಲಿಲ್ವಲ್ಲ ಅನ್ನುತ್ತಾರೆ. ಇಂಥವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ.

ಅಕ್ಟೋಬರ್ 8

ಕಿರಣ್ಕುಮಾರ್‌ಗೆ ಫೋನ್ ಮಾಡಿದೆ. ‘ಕಾದಂಬರಿ’ ತೆಗೆದು ‘ಜನಪದ ಕಥನ’ ಎಂದು ಹಾಕಿ, ‘ಲೇಖಕಿ’ ತೆಗೆದು ‘ಸಂಗ್ರಹ’ ಎಂದು ಹಾಕಿ ಅಂದೆ. ಮಹಾನುಭಾವನಿಗೆ ಎಲ್ಲಿಲ್ಲದ ಖುಷಿ. ಓದಿದಾಗಲೇ ಅನಿಸಿತ್ತು ಮೇಡಂ, ಇಂಥ ಮಾತು ಒಬ್ಬ ವ್ಯಕ್ತಿ ಕೂತು ಕಟ್ಟೋಕಾಗಲ್ಲ, ನೆಲದಿಂದಲೇ ಬರಬೇಕು ಅಂದ. ಆಗಸ್ಟ್ ತಿಂಗಳ ಕಾಗದ ನನ್ನ ಕೈಯಲ್ಲೇ ಇತ್ತು. ಓದಿ ಹೇಳಲೇ ಅನಿಸಿತು. ಥ್ಯಾಂಕ್ಸ್ ಸರ್ ಅಂದೆ. ಕಥೆ ಹೇಳಿದವರ ಹೆಸರು ಬೇಕು ಅಂದ. ಗುರುಶಾಂತಮ್ಮ ಎಂದು ಬರೆಸಿದೆ. ಆ ಪುಣ್ಯಾತ್ಗಿತ್ತಿ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡವರು.

ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು ನಾನು. ಆಧಾರ ಇಲ್ಲದೆ ಬರೆದರೆ ಅಂಕ ಕಳೆಯುವವಳು. ಈಗ ಒಂದು ಇಡೀ ಪುಸ್ತಕದ ಸುಳ್ಳು ನನ್ನ ಕೈಯಲ್ಲೇ ಅಚ್ಚಾಗುತ್ತದೆ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯದೆ ಬೆಳಿಗ್ಗೆಯಿಂದ ಎಲ್ಲರ ಮೇಲೂ ಮಾಡಿಕೊಂಡಿದ್ದೇನೆ.

ಡಿಸೆಂಬರ್ 14

ಪುಸ್ತಕ ಬಂತು. ಮುಖಪುಟದಲ್ಲಿ ನನ್ನ ಹೆಸರಿಲ್ಲ. ಒಳಪುಟದಲ್ಲಿ ಸಣ್ಣಕ್ಷರದಲ್ಲಿ ‘ಸಂಗ್ರಹ: ಪುಷ್ಪಾ ಮಲ್ಲೇಶ್’.

ಹುಣಸೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ತೊಡೆಯ ಮೇಲಿನ ಪುಸ್ತಕ ನೋಡಿ, ಸಣ್ಣಾಜವ್ವನದಾ, ನಮ್ಮ ಅವ್ವನೂ ಹೇಳೋಳು ಅಂದಳು. ಜಗಳಕ್ಕೆ ಬಾಯಿ ತೆರೆದವಳು ಏನು ಹೇಳುತ್ತಿದ್ದರು ಎಂದು ಕೇಳಿದೆ. ಗುರುಪುರ ಬರುವವರೆಗೂ ಹೇಳಿದಳು. ಟಿಕೆಟ್ಟಿನ ಹಿಂದೆ ಬರೆದುಕೊಂಡು ಜಾಗ ಸಾಲಲಿಲ್ಲ.

ಜನವರಿ 6

ಸಂಜೆ ಸ್ಪಂದನಾ ಬಂದಿದ್ದಳು. ನಾಳೆಯಿಂದ ಪರೀಕ್ಷೆ. ಪರೀಕ್ಷೆ ಮುಗಿಯುವವರೆಗೆ ಸಣ್ಣಾಜವ್ವ ಬರುವುದಿಲ್ಲವೆಂದು ಮನೆಯಲ್ಲಿ ಹೇಳಿದ್ದಾಳಂತೆ. ಅಜ್ಜಿ ಒಪ್ಪಿದ್ದಾರಂತೆ. ಮಹೇಂದ್ರನಿಗೆ ಹೆಗ್ಗಡದೇವನಕೋಟೆ ಕಡೆ ಹೆಣ್ಣು ಗೊತ್ತಾಗಿದೆಯಂತೆ. ಆ ಹುಡುಗಿ ಎಷ್ಟು ಓದಿದ್ದಾಳೆ ಎಂದು ಕೇಳಿದೆ. ಗೊತ್ತಿಲ್ಲ ಮಿಸ್ ಅಂದಳು. ತಿಳ್ಕೊಂಡು ಬಾ ಅಂದೆ.

ಚೀಲದಿಂದ ಪುಸ್ತಕ ತೆಗೆದು ಮೊದಲ ಪುಟ ಬಿಡಿಸಿ ನನ್ನ ಮುಂದಿಟ್ಟಳು. ಪೆನ್ನನ್ನೂ ತಂದಿದ್ದಳು.

“ಲೇಖಕಿ ಅಂತ ಬರ್ದು ಸೈನ್ ಹಾಕಿ ಮಿಸ್. ಯಾರ್ಗೂ ತೋರ್ಸಲ್ಲ.”

ಪೆನ್ನು ಕೈಗೆ ತೆಗೆದುಕೊಂಡೆ. ಆ ಒಂದು ಪದ ಬರೆಯಲು ನನ್ನ ಕೈ ಎಷ್ಟು ಹಾತೊರೆಯಿತು ಎಂದು ಇಲ್ಲಿ ಬಿಟ್ಟರೆ ಎಲ್ಲಿ ಹೇಳಲಿ. ಅವಳ ಪುಸ್ತಕಗಳ ಮಧ್ಯೆ ಒಂದು ಸಲ ಕೈಯಾಡಿಸಿದವರು ಇನ್ನೊಂದು ಸಲ ಆಡಿಸುವುದಿಲ್ಲವೇ. ಪುಸ್ತಕ ಮುಚ್ಚಿ ಅವಳ ಕಡೆ ತಳ್ಳಿದೆ. ಇದು ನಾನು ಬರೆದದ್ದಲ್ಲ ಅಂದೆ. ಆ ದಿನ ಅಷ್ಟು ಜನರ ಮುಂದೆ ಅಳದವಳು ಈಗ ಅಳಲು ಶುರುಮಾಡಿದಳು. ನನಗೆ ರೇಗಿಹೋಯಿತು. ಪರೀಕ್ಷೆ ಹಿಂದಿನ ದಿನ ಅಳುತ್ತಾ ಕೂರುತ್ತಾರೆಯೇ. ಮುಖ ತೊಳ್ಕೊ, ಹಾಲ್ ಟಿಕೆಟ್ ಮರೀಬೇಡ, ಏಳೂವರೆ ಬಸ್ಸು ತಪ್ಪಿಸಿಕೊಂಡರೆ ನನ್ನ ಮನೆ ಕಡೆ ತಲೆ ಹಾಕಬೇಡ ಎಂದು ಬೈದು ಕಳಿಸಿದೆ.